ಒಂದೇ ಕಮಾಂಡ್, ಎರಡು ಡೇಟಾಬೇಸ್: ಗೋಣಿಕೊಪ್ಪದ ಕಾಫಿ ಲೆಕ್ಕದ ಒಂದು ಪ್ರಕರಣ

ಕೊಡಗಿನ ಗೋಣಿಕೊಪ್ಪದ ಹತ್ತಿರ ಕಾಫಿ ಬೆಳೆಗಾರರ ಒಂದು ಗುಂಪು ಇದೆ. ಹೆಸರು ಬೇಡ. ಸದಸ್ಯರು ಇನ್ನೂರರ ಆಸುಪಾಸು. ಹೆಚ್ಚಿನವರದು ರೊಬಸ್ಟಾ ತೋಟ, ನಡುವೆ ಮೆಣಸಿನ ಬಳ್ಳಿ. ಕೊಯ್ಲು ಮುಗಿಯುತ್ತಿದ್ದಂತೆ ಒಣಗಿಸಿದ ಚೆರಿ ಚೀಲಗಳು ಗೋದಾಮಿಗೆ ಬರುತ್ತವೆ. ಚೀಲ ಎಷ್ಟು, ತೂಕ ಎಷ್ಟು, ತೇವಾಂಶ ಎಷ್ಟು, ಓಟಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಓಟಿ ಅಂದರೆ 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಮಳೆಗಾಲದಲ್ಲಿ ಚೀಲ ಬರುವುದಿಲ್ಲ. ಆಗ ಗೊಬ್ಬರಕ್ಕೆ, ಕೂಲಿಗೆ ಎಂದು ಸದಸ್ಯರು ಮುಂಗಡ ತೆಗೆದುಕೊಳ್ಳುತ್ತಾರೆ. ಗೋದಾಮಿನಲ್ಲಿ ಇಟ್ಟ ಕಾಫಿಯೇ ಅದಕ್ಕೆ ಆಧಾರ. ಬಡ್ಡಿ ದಿನದ ಲೆಕ್ಕದಲ್ಲಿ.

ಈ ಲೆಕ್ಕ ನಡೆಯುವುದು ಜ್ಯಾಂಗೋ ಎಂಬ ಪೈಥಾನ್ ಚೌಕಟ್ಟಿನಲ್ಲಿ ಬರೆದ ಒಂದು ಚಿಕ್ಕ ವೆಬ್ ಆ್ಯಪ್‌ನಲ್ಲಿ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಬಾಡಿಗೆಗೆ ಪಡೆದ ಒಂದು ಉಬುಂಟು ಸರ್ವರ್. ಆಫೀಸಿನಲ್ಲಿ ಲೆಕ್ಕ ನೋಡುವ ಅಕ್ಕ ಹಗಲು ಬ್ರೌಸರಿನಲ್ಲಿ ಎಂಟ್ರಿ ಮಾಡುತ್ತಾರೆ. ರಾತ್ರಿ ‘ದಿನಲೆಕ್ಕ’ ಎಂಬ ಕಮಾಂಡ್ ತಾನಾಗಿ ಓಡುತ್ತದೆ. ಪ್ರತಿ ಸದಸ್ಯರ ಖಾತೆಗೆ ಆ ದಿನದ ಬಡ್ಡಿ ಹಾಕಿ, ಬಾಕಿ ಎಷ್ಟೆಂದು ಬರೆದಿಡುತ್ತದೆ. ಇದನ್ನೇ ವೆಬ್ ಪುಟದಲ್ಲಿ ಒಂದು ಬಟನ್ ಮಾಡಬಹುದಿತ್ತಲ್ವಾ ಎಂದು ಕೇಳುವವರಿದ್ದಾರೆ. ಮಾಡಬಹುದು. ಆದರೆ ವೆಬ್ ಭಾಗವನ್ನು ಓಡಿಸುವ ಗುನಿಕಾರ್ನ್, ನಾವು ಬೇರೆ ಹೇಳದಿದ್ದರೆ, 30 ಸೆಕೆಂಡ್ ಸದ್ದಿಲ್ಲದೆ ಕೂತ ವರ್ಕರನ್ನು ಕೊಂದುಬಿಡುತ್ತದೆ. ನಿಮಿಷಗಟ್ಟಲೆ ಹಿಡಿಯುವ ಕೆಲಸಕ್ಕೆ ಕಮಾಂಡ್ ಲೈನೇ ಸರಿಯಾದ ಜಾಗ.

ಜ್ಯಾಂಗೋದಲ್ಲಿ ಇದು ಸುಲಭ ಕೂಡ. ಆ್ಯಪ್ ಫೋಲ್ಡರಿನೊಳಗೆ ಮ್ಯಾನೇಜ್‌ಮೆಂಟ್, ಅದರೊಳಗೆ ಕಮಾಂಡ್ಸ್ ಎಂಬ ಫೋಲ್ಡರ್ ಮಾಡಿ, ಒಂದು ಪೈಥಾನ್ ಫೈಲ್ ಇಟ್ಟರೆ ಆಯಿತು. ಫೈಲಿನ ಹೆಸರೇ ಕಮಾಂಡಿನ ಹೆಸರು. ಡೇಟಾಬೇಸಿನ ಟೇಬಲ್ಲುಗಳನ್ನು ಕೋಡಿಗೆ ಹೊಂದಿಸುವ ಮೈಗ್ರೇಟ್, ಪೈಥಾನ್ ಸಾಲು ಹೊಡೆದು ನೋಡುವ ಶೆಲ್, ನೇರ ಡೇಟಾಬೇಸಿನೊಳಗೆ ಹೋಗುವ ಡಿಬಿಶೆಲ್ ಮುಂತಾದ ಜ್ಯಾಂಗೋದ ಸ್ವಂತ ಕಮಾಂಡುಗಳ ಸಾಲಿಗೆ ನಮ್ಮದೂ ಸೇರುತ್ತದೆ. ಮ್ಯಾನೇಜ್ ಡಾಟ್ ಪೈ ಎಂದು ಬರೆದು ಮುಂದೆ ಹೆಸರು ಹೊಡೆದರೆ ಓಡುತ್ತದೆ.

ದೂರು ಬಂದ ರೀತಿ

ಜೂನ್ ತಿಂಗಳಲ್ಲಿ ಆ್ಯಪ್ ಹಳೆಯ ಸರ್ವರಿನಿಂದ ಹೊಸದಕ್ಕೆ ಹೋಯಿತು. ಗುಂಪಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹುಡುಗ ಜಾಣ. ಡೇಟಾಬೇಸನ್ನು ಡಂಪ್ ಮಾಡಿ ಹೊಸ ಪೋಸ್ಟ್‌ಗ್ರೆಸ್‌ಗೆ ಹಾಕಿದ, ಕೋಡನ್ನು ಸರ್ವರಿಗೆ ಹಾಕುವ ಡಿಪ್ಲಾಯ್ ಸ್ಕ್ರಿಪ್ಟ್ ಓಡಿಸಿದ, ವೆಬ್‌ಸೈಟ್ ಎದ್ದಿತು, ಎಲ್ಲರ ಖಾತೆಯೂ ಸರಿಯಾಗಿ ಕಾಣಿಸಿತು. ಒಂದು ವಾರ ಕಳೆದ ಮೇಲೆ ಸದಸ್ಯರ ಟೇಬಲ್‌ಗೆ ಹೊಸ ಕಾಲಂ ಸೇರಿಸಿದ. ಡಿಪ್ಲಾಯ್ ಸ್ಕ್ರಿಪ್ಟ್ ಮತ್ತೆ ಓಡಿಸಿದ. ಮೈಗ್ರೇಟ್ ‘ಓಕೆ’ ಎಂದಿತು. ಆದರೂ ಮುಂಗಡದ ಪುಟ ತೆರೆದರೆ ಎರರ್: ಆ ಕಾಲಂ ಇಲ್ಲವೇ ಇಲ್ಲ ಎನ್ನುತ್ತಿತ್ತು. ಅವನು ದೂರದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ, ಕೈಯಾರೆ ಮತ್ತೊಮ್ಮೆ ಮೈಗ್ರೇಟ್ ಹೊಡೆದ. ಪುಟ ಸರಿಯಾಯಿತು. ಎಲ್ಲರೂ ಮುಂದಿನ ಕೆಲಸಕ್ಕೆ ಹೋದರು.

ಒಂದೇ ಕಮಾಂಡ್ ಎರಡು ಸಲ ‘ಓಕೆ’ ಎನ್ನುತ್ತದೆ, ಮೊದಲ ಸಲ ಏನೂ ಆಗುವುದಿಲ್ಲ, ಎರಡನೇ ಸಲ ಆಗುತ್ತದೆ. ಇಡೀ ಪ್ರಕರಣದ ಸುಳಿವು ಅಲ್ಲೇ ಇತ್ತು. ಮೈಗ್ರೇಟ್ ಒಮ್ಮೆ ಹಾಕಿದ ಮೈಗ್ರೇಷನ್ನನ್ನು ಡೇಟಾಬೇಸಿನಲ್ಲೇ ಒಂದು ಟೇಬಲ್‌ನಲ್ಲಿ ಗುರುತು ಹಾಕಿಡುತ್ತದೆ. ಎರಡನೇ ಸಲ ಹೊಡೆದರೆ ‘ಹಾಕಲು ಏನೂ ಇಲ್ಲ’ ಎನ್ನಬೇಕು. ಹಾಗೆ ಎನ್ನಲಿಲ್ಲ ಅಂದರೆ, ಎರಡನೇ ಸಲ ನೋಡಿದ್ದು ಬೇರೆ ಡೇಟಾಬೇಸ್.

ಮುಂದಿನ ದೂರು ಬಂದದ್ದು ಹಿರಿಯ ಸದಸ್ಯರೊಬ್ಬರಿಂದ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು ಎಂದು ಪುಸ್ತಕದಲ್ಲಿ ಬರೆದಿಡುವ ಪೈಕಿ ಅವರು. ಬಾಕಿಯನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತಾರೆ. “ಅಲ್ಲಮ್ಮ, ಸುಮಾರು ದಿನದಿಂದ ಬಾಕಿ ಅಷ್ಟೇ ತೋರಿಸ್ತಾ ಇದೆ. ಬಡ್ಡಿ ಬಿಟ್ಟುಬಿಟ್ಟಿರಾ?” ಎಂದು ಅಕ್ಕನಿಗೆ ಫೋನ್ ಮಾಡಿದರು. ಬಡ್ಡಿ ಬೀಳಲಿಲ್ಲ ಎಂದು ದೂರು ಕೊಡುವವರು ಎಲ್ಲಿ ಸಿಗುತ್ತಾರೆ ಹೇಳಿ!

ಹುಡುಗ ನೋಡಿದ. ಸರ್ವರ್ ಬದಲಾದ ರಾತ್ರಿಯಿಂದಲೇ ಯಾರಿಗೂ ಬಡ್ಡಿ ಬಿದ್ದಿರಲಿಲ್ಲ. ಲಾಗ್ ಫೈಲಿನಲ್ಲಿ ಮಾತ್ರ ಪ್ರತಿ ರಾತ್ರಿ ‘ದಿನಲೆಕ್ಕ ಮುಗಿಯಿತು’ ಎಂಬ ಸಾಲು. ಕೈಯಾರೆ ಒಂದು ದಿನಕ್ಕೆ ಓಡಿಸಿ ನೋಡಿದ, ಸರಿಯಾಗಿ ಬಿತ್ತು. ಹಾಗಾದರೆ ತಪ್ಪಿದ ದಿನಗಳನ್ನೆಲ್ಲ ಓಡಿಸಿಬಿಡೋಣ ಎಂದು, ಮನೆಯ ಲ್ಯಾಪ್‌ಟಾಪಿನಿಂದ ಒಂದು ಲೂಪ್ ಹಾಕಿದ: ಮೊದಲ ದಿನಾಂಕದಿಂದ ಇಂದಿನವರೆಗೆ, ಒಂದೊಂದಾಗಿ. ಕಕ್ಕಡ ತಿಂಗಳ ಮಳೆ. ನಡುವೆ ಕರೆಂಟ್ ಹೋಯಿತು, ಮೋಡೆಮ್ ಆರಿತು. ಬೆಳಿಗ್ಗೆ ಎದ್ದು ಲೂಪನ್ನು ಮೊದಲಿನಿಂದ ಮತ್ತೆ ಓಡಿಸಿದ. ಈಗ ದೂರು ತಿರುಗುಮುರುಗಾಯಿತು: ಬಡ್ಡಿ ಎರಡೆರಡು ಸಲ ಬಿದ್ದಿದೆ.

ನನಗೆ ಕರೆ ಬಂದದ್ದು ಆಗ. “ನಾನು ಓಡಿಸಿದ್ರೆ ಜಾಸ್ತಿ ಬೀಳುತ್ತೆ, ರಾತ್ರಿ ಅದೇ ಓಡಿದ್ರೆ ಏನೂ ಬೀಳಲ್ಲ ಸಾರ್” ಎಂದ ಹುಡುಗ.

ರಾತ್ರಿಯ ಶೆಲ್ ಏನು ನೋಡುತ್ತಿತ್ತು

ಎರಡು ತೊಂದರೆ ಬೇರೆ ಬೇರೆ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಬಡ್ಡಿ ಬೀಳದಿರುವುದು ಒಂದು, ಎರಡು ಸಲ ಬಿದ್ದದ್ದು ಇನ್ನೊಂದು.

ಮೊದಲನೆಯದಕ್ಕೆ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಫೈಲುಗಳ ಪಟ್ಟಿ ತೆಗೆದದ್ದೇ ಅರ್ಧ ಉತ್ತರ ಕೊಟ್ಟಿತು. ಅಲ್ಲೊಂದು ಎಸ್‌ಕ್ಯುಲೈಟ್ ಫೈಲ್, ಅಂದರೆ ಒಂದೇ ಫೈಲಿನಲ್ಲಿ ಹಿಡಿಯುವ ಚಿಕ್ಕ ಡೇಟಾಬೇಸ್, ಕೂತಿತ್ತು. ಒಡೆಯ ರೂಟ್, ಅಂದರೆ ಸರ್ವರಿನಲ್ಲಿ ಎಲ್ಲ ಅಧಿಕಾರ ಇರುವ ಯೂಸರ್. ಪೋಸ್ಟ್‌ಗ್ರೆಸ್ ಬಳಸುವ ಸರ್ವರಿನಲ್ಲಿ ಅದಕ್ಕೇನು ಕೆಲಸ?

ಸೆಟ್ಟಿಂಗ್ಸ್ ಫೈಲ್ ತೆರೆದರೆ ಕಾರಣ ಕಂಡಿತು. ಡೇಟಾಬೇಸಿನ ವಿಳಾಸವನ್ನು ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಿಂದ, ಅಂದರೆ ಕಮಾಂಡ್ ಓಡುವಾಗ ಅದಕ್ಕೆ ಹೊರಗಿನಿಂದ ಸಿಗುವ ಹೆಸರು-ಬೆಲೆ ಜೋಡಿಯಿಂದ, ಓದಬೇಕು; ಅದು ಇಲ್ಲದಿದ್ದರೆ ಪಕ್ಕದಲ್ಲಿ ಒಂದು ಎಸ್‌ಕ್ಯುಲೈಟ್ ಫೈಲ್ ಬಳಸಿಕೋ ಎಂದು ಬರೆದಿತ್ತು. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಅನುಕೂಲವಾಗಲಿ ಎಂದು ಯಾರೋ ಹಿಂದೆ ಹಾಕಿದ ಸಾಲು. ಇಂಥ ಸಾಲು ಎಷ್ಟೋ ಪ್ರಾಜೆಕ್ಟುಗಳಲ್ಲಿ ಇರುತ್ತದೆ.

ಈಗ ಯಾರ ಬಳಿ ಆ ವೇರಿಯೇಬಲ್ ಇತ್ತು ಎಂದು ನೋಡಿ. ವೆಬ್‌ಸೈಟ್ ಓಡುವುದು, ಸರ್ವರಿನ ಕೆಲಸಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಸರ್ವಿಸ್ ಆಗಿ. ಅದರ ಯೂನಿಟ್ ಫೈಲಿನಲ್ಲಿ ಎನ್ವಿರಾನ್‌ಮೆಂಟ್ ಫೈಲ್ ಎಲ್ಲಿದೆ ಎಂದು ಬರೆದಿತ್ತು. ಹಾಗಾಗಿ ವೆಬ್‌ಸೈಟಿಗೆ ಪೋಸ್ಟ್‌ಗ್ರೆಸ್ ಸಿಕ್ಕಿತು. ಹುಡುಗನ ಸ್ವಂತ ಲಾಗಿನ್ನಿನ ಬ್ಯಾಶ್ ಫೈಲಿನಲ್ಲೂ, ಅಂದರೆ ಕಮಾಂಡ್ ಹೊಡೆಯುವ ಶೆಲ್ ಶುರುವಿನಲ್ಲಿ ಓದುವ ಫೈಲಿನಲ್ಲೂ, ಅದನ್ನು ಎಕ್ಸ್‌ಪೋರ್ಟ್ ಮಾಡಿದ್ದ. ಅವನು ಕೈಯಾರೆ ಓಡಿಸಿದ್ದೆಲ್ಲ ಪೋಸ್ಟ್‌ಗ್ರೆಸ್‌ಗೇ ಹೋಯಿತು. ಡಿಪ್ಲಾಯ್ ಸ್ಕ್ರಿಪ್ಟನ್ನು ಮಾತ್ರ, ರೂಟ್ ಅಧಿಕಾರ ಕೊಡುವ ಸುಡೊ ಹಾಕಿ ಓಡಿಸುತ್ತಿದ್ದ. ಸುಡೊ ಸಾಮಾನ್ಯವಾಗಿ ಕರೆದವರ ಎನ್ವಿರಾನ್‌ಮೆಂಟನ್ನು ಕಿತ್ತುಹಾಕಿ, ಬೇಕಾದ ನಾಲ್ಕಾರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದು ಸುರಕ್ಷತೆಗೆ ಮಾಡಿದ್ದು, ಸರಿಯಾದದ್ದೇ. ಆದರೆ ಅಲ್ಲಿ ನಮ್ಮ ವೇರಿಯೇಬಲ್ ಹೋಯಿತು. ಸ್ಕ್ರಿಪ್ಟಿನೊಳಗಿನ ಮೈಗ್ರೇಟ್ ಎಸ್‌ಕ್ಯುಲೈಟ್ ಫೈಲ್ ಹುಟ್ಟಿಸಿ, ಅದರಲ್ಲಿ ಎಲ್ಲ ಟೇಬಲ್ಲುಗಳನ್ನೂ ನೀಟಾಗಿ ಕಟ್ಟಿ, ‘ಓಕೆ’ ಎಂದಿತು.

ರಾತ್ರಿಯ ಕೆಲಸ ಇದ್ದದ್ದು ರೂಟ್‌ನ ಕ್ರಾನ್‌ನಲ್ಲಿ, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆಯಲ್ಲಿ. ಕ್ರಾನ್ ಯಾರ ಬ್ಯಾಶ್ ಫೈಲನ್ನೂ ಓದುವುದಿಲ್ಲ. ಹೋಮ್, ಪಾತ್, ಶೆಲ್ ಇಂಥ ಕೆಲವೇ ವೇರಿಯೇಬಲ್ ಇಟ್ಟುಕೊಂಡು ಬರೀ ಎಸ್‌ಎಚ್‌ನಲ್ಲಿ ಓಡಿಸುತ್ತದೆ. ಉಬುಂಟುವಿನಲ್ಲಿ ಆ ಎಸ್‌ಎಚ್ ಬ್ಯಾಶ್ ಅಲ್ಲ, ಡ್ಯಾಶ್. ಹೀಗೆ ದಿನಲೆಕ್ಕ ಪ್ರತಿ ರಾತ್ರಿ ಆ ಖಾಲಿ ಎಸ್‌ಕ್ಯುಲೈಟ್ ಫೈಲನ್ನು ತೆರೆದು, ಸದಸ್ಯರು ಯಾರೂ ಇಲ್ಲದ್ದು ನೋಡಿ, ಯಾರಿಗೂ ಬಡ್ಡಿ ಹಾಕದೆ ‘ಮುಗಿಯಿತು’ ಎಂದು ಬರೆದು ಮಲಗುತ್ತಿತ್ತು. ಟೇಬಲ್ಲೇ ಇಲ್ಲದಿದ್ದರೆ ಎರರ್ ಬಂದು ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಡಿಪ್ಲಾಯ್‌ನ ಮೈಗ್ರೇಟ್ ಟೇಬಲ್ ಕಟ್ಟಿಟ್ಟದ್ದೇ ಮುಳುವಾಯಿತು. ಪಕ್ಕದ ತೋಟದ ಖಾಲಿ ಗೋದಾಮಿಗೆ ಹೋಗಿ ಚೀಲ ಎಣಿಸಿ, ಸೊನ್ನೆ ಎಂದು ಬರೆದುಕೊಂಡು ಬಂದ ಹಾಗೆ.

ಇದನ್ನು ಊಹೆಯಲ್ಲಿ ಬಿಡಬಾರದು, ತೋರಿಸಬೇಕು. ಅದಕ್ಕೆ ಒಂದು ಸುಲಭ ದಾರಿ ಇದೆ. ಎನ್ವ್ ಎಂಬ ಕಮಾಂಡಿಗೆ ‘-ಐ’ ಕೊಟ್ಟು, ಅದರೊಳಗೆ ಎಸ್‌ಎಚ್ ಓಡಿಸಿದರೆ ಎಲ್ಲ ವೇರಿಯೇಬಲ್ಲುಗಳೂ ಕಳಚಿದ ಬರೀ ಶೆಲ್ ಸಿಗುತ್ತದೆ. ಹೆಚ್ಚುಕಡಿಮೆ ಕ್ರಾನ್‌ನ ಕಣ್ಣಿನಲ್ಲಿ ನೋಡಿದಂತೆ. ಅಲ್ಲಿ ನಿಂತು ಮ್ಯಾನೇಜ್ ಡಾಟ್ ಪೈ ಡಿಬಿಶೆಲ್ ಹೊಡೆದೆವು. ಎಸ್‌ಕ್ಯುಲೈಟ್‌ನ ಪ್ರಾಂಪ್ಟ್ ಬಂತು. ಹುಡುಗನ ಲಾಗಿನ್ನಿನಿಂದ ಅದೇ ಕಮಾಂಡ್ ಹೊಡೆದರೆ ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯುಎಲ್. ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದಾಗ, ಕೋಡ್ ಓದಲು ಬಾರದ ಅಕ್ಕನಿಗೂ ಅರ್ಥವಾಯಿತು. ಎಲ್ಲಿಂದ ಓಡಿಸಿದರೆ ಏನು ನೋಡುತ್ತದೆ ಎಂಬ ಅನುಮಾನ ಬಂದಾಗಲೆಲ್ಲ ಡಿಬಿಶೆಲ್ ಒಳ್ಳೆಯ ಸಾಕ್ಷಿ. ಡಿಫ್‌ಸೆಟ್ಟಿಂಗ್ಸ್ ಎಂಬ ಕಮಾಂಡ್ ಕೂಡ ಇದೆ, ಆದರೆ ಅದು ಪಾಸ್‌ವರ್ಡ್‌ಗಳನ್ನೂ ಪರದೆಗೆ ಸುರಿಯುತ್ತದೆ. ಬೇರೆಯವರ ಮುಂದೆ ಬೇಡ.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮ್ಯಾನೇಜ್ ಡಾಟ್ ಪೈ ಫೈಲಿನಲ್ಲಿ ಸೆಟ್ಟಿಂಗ್ಸ್ ಯಾವುದು ಎಂದು ಹೇಳುವ ಸಾಲು ‘ಸೆಟ್‌ಡಿಫಾಲ್ಟ್’ ಬಳಸುತ್ತದೆ. ಅಂದರೆ ಶೆಲ್‌ನಲ್ಲಿ ಮೊದಲೇ ಬೇರೆ ಸೆಟ್ಟಿಂಗ್ಸ್ ಹೆಸರು ಎಕ್ಸ್‌ಪೋರ್ಟ್ ಆಗಿದ್ದರೆ ಅದೇ ಗೆಲ್ಲುತ್ತದೆ. ಈ ಪ್ರಕರಣದಲ್ಲಿ ಅದು ತೊಂದರೆ ಕೊಡಲಿಲ್ಲ. ಎರಡು ಪ್ರಾಜೆಕ್ಟ್ ಇರುವ ಸರ್ವರಿನಲ್ಲಿ ಕೊಡುತ್ತದೆ.

ಎರಡು ಸಲ ಬಿದ್ದ ಬಡ್ಡಿ

ಕೆಲಸ ಜಾಸ್ತಿ ಹಿಡಿದದ್ದು ಇಲ್ಲಿ.

ದಿನಲೆಕ್ಕ ಸದಸ್ಯರ ಸಂಖ್ಯೆಯ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಬಡ್ಡಿಯ ಎಂಟ್ರಿ ಸೇವ್ ಮಾಡಿ, ಮುಂದಿನವರಿಗೆ ಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಅಟಾಮಿಕ್ ರಿಕ್ವೆಸ್ಟ್ಸ್ ಆನ್ ಇತ್ತು. ಹಾಗಾಗಿ ಎಲ್ಲವೂ ಒಂದೇ ಟ್ರಾನ್ಸಾಕ್ಷನ್, ಆದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ ಎಂದು ಹುಡುಗ ಧೈರ್ಯವಾಗಿದ್ದ. ಆ ಸೆಟ್ಟಿಂಗ್ ಕಾಯುವುದು ವೆಬ್ ರಿಕ್ವೆಸ್ಟುಗಳನ್ನು ಮಾತ್ರ. ಶೆಲ್‌ನಿಂದ ಓಡುವ ಕಮಾಂಡಿಗೆ ಅದು ತಾಗುವುದೇ ಇಲ್ಲ. ಅಲ್ಲಿ ಪ್ರತಿ ಸೇವ್ ಕೂಡಲೇ ಡೇಟಾಬೇಸಿಗೆ ಇಳಿಯುತ್ತದೆ. ನಡುವೆ ನಿಂತರೆ ಅಲ್ಲಿವರೆಗಿನದು ಉಳಿಯುತ್ತದೆ.

ಎಲ್ಲಿ ನಿಂತಿತ್ತು? ಕರೆಂಟ್ ಹೋದ ಹೊತ್ತು ಹುಡುಗನಿಗೆ ನೆನಪಿತ್ತು. ಆದರೆ ಅದನ್ನು ನಂಬುವಂತಿಲ್ಲ. ಮೋಡೆಮ್ ಆರಿದ ಕ್ಷಣಕ್ಕೆ ಸರ್ವರಿಗೆ ಏನೂ ಗೊತ್ತಾಗುವುದಿಲ್ಲ. ಆ ಕಡೆಯ ಎಸ್‌ಎಸ್‌ಎಚ್ ಉತ್ತರಕ್ಕೆ ಕಾಯುತ್ತಲೇ ಇರುತ್ತದೆ, ಕಮಾಂಡ್ ಓಡುತ್ತಲೇ ಇರುತ್ತದೆ. ಕನೆಕ್ಷನ್ ಸತ್ತಿದೆ ಎಂದು ತೀರ್ಮಾನವಾದ ಮೇಲೆ ಹ್ಯಾಂಗಪ್ ಸಿಗ್ನಲ್ ಹೋಗಿ, ಕಮಾಂಡೂ ಲೂಪೂ ಸಾಯುತ್ತವೆ. ನಡುವಿನ ಅಂತರ ನಿಮಿಷಗಟ್ಟಲೆ ಇರಬಹುದು.

ಹಾಗಾಗಿ ಗಡಿಯಾರ ಬಿಟ್ಟು ಡೇಟಾವನ್ನೇ ಕೇಳಿದೆವು. ಮೊದಲು ಪಿಜಿ ಡಂಪ್‌ನಿಂದ ಒಂದು ಪೂರ್ತಿ ಬ್ಯಾಕಪ್. ಅದಿಲ್ಲದೆ ಮುಂದಿನ ಯಾವ ಕಮಾಂಡೂ ಬೇಡ ಎಂದು ನಾನು ಹಟ ಹಿಡಿದೆ. ಆಮೇಲೆ ಡಿಬಿಶೆಲ್‌ನಲ್ಲಿ, ಒಬ್ಬ ಸದಸ್ಯರಿಗೆ ಒಂದು ದಿನಾಂಕದಲ್ಲಿ ಒಂದಕ್ಕಿಂತ ಹೆಚ್ಚು ಬಡ್ಡಿ ಎಂಟ್ರಿ ಎಲ್ಲಿದೆ ಎಂದು ಗುಂಪು ಹಾಕಿ ಎಣಿಸಿದೆವು. ಚಿತ್ರ ಸ್ಪಷ್ಟವಾಗಿತ್ತು. ಮೊದಲ ಕೆಲವು ದಿನಾಂಕಗಳಿಗೆ ಎಲ್ಲ ಸದಸ್ಯರಿಗೂ ಎರಡು ಎಂಟ್ರಿ. ಒಂದು ದಿನಾಂಕಕ್ಕೆ ಮಾತ್ರ ಪಟ್ಟಿಯ ಮೇಲಿನ ಅರ್ಧಕ್ಕೆ ಎರಡು, ಕೆಳಗಿನ ಅರ್ಧಕ್ಕೆ ಒಂದು. ಮುಂದಿನ ದಿನಾಂಕಗಳಿಗೆಲ್ಲ ಒಂದೊಂದೇ. ಕರೆಂಟ್ ಹೋದ ರಾತ್ರಿ ಕಮಾಂಡ್ ಸತ್ತದ್ದು ಯಾವ ಸದಸ್ಯರ ನಂತರ ಎಂಬುದೂ ಕಂಡಿತು.

ಇನ್ನೂ ಒಂದಿತ್ತು. ಹುಡುಗ ಪರೀಕ್ಷೆಗೆ ಎಂದು ಮೊದಲು ಓಡಿಸಿದ್ದ ಒಂದು ದಿನ. ಅದಕ್ಕೆ ಮೂರು ಎಂಟ್ರಿ!

ಹೆಚ್ಚುವರಿ ಎಂಟ್ರಿ ಅಳಿಸುವುದನ್ನು ಜ್ಯಾಂಗೋ ಶೆಲ್ ತೆರೆದು ಎರಡು ಸಾಲಿನಲ್ಲಿ ಮುಗಿಸಬಹುದಿತ್ತು. ಹುಡುಗನಿಗೂ ಅದೇ ಆಸೆ. ನನಗೆ ಇಷ್ಟವಾಗಲಿಲ್ಲ. ಶೆಲ್‌ನಲ್ಲಿ ಟೈಪ್ ಮಾಡಿದ್ದಕ್ಕೆ ನೆಚ್ಚಿಕೊಳ್ಳುವಂಥ ಕುರುಹು ಉಳಿಯುವುದಿಲ್ಲ. ನಾಳೆ ಆಡಿಟರ್ ಬಂದು ಈ ಎಂಟ್ರಿಗಳು ಎಲ್ಲಿ ಹೋದವು ಎಂದರೆ ತೋರಿಸಲು ಏನಿದೆ? ಅದಕ್ಕೇ ಆ ಒಂದು ಕೆಲಸಕ್ಕೆಂದೇ ಒಂದು ಹೊಸ ಕಮಾಂಡ್ ಬರೆಸಿದೆ. ಸುಮ್ನೆ ಓಡಿಸಿದರೆ ಯಾವ ಎಂಟ್ರಿ ಅಳಿಸುತ್ತೇನೆ, ಯಾರ ಬಾಕಿ ಎಷ್ಟರಿಂದ ಎಷ್ಟಕ್ಕೆ ಬರುತ್ತದೆ ಎಂದು ಪಟ್ಟಿ ಕೊಡಬೇಕು, ಮುಟ್ಟಬಾರದು. ‘ಕಮಿಟ್’ ಎಂಬ ಆಪ್ಷನ್ ಕೊಟ್ಟರೆ ಮಾತ್ರ ನಿಜವಾಗಿ ಅಳಿಸಬೇಕು, ಅದೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಕೋಡ್, ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಹೋಯಿತು, ಪಟ್ಟಿ ಪ್ರಿಂಟ್ ಆಗಿ ಅಕ್ಕನ ಮೇಜಿಗೆ ಹೋಯಿತು. ಅಕ್ಕ ಕ್ಯಾಲ್ಕುಲೇಟರ್ ಹಿಡಿದು ಕೆಲವು ಖಾತೆ ತಾಳೆ ಹಾಕಿದರು. ಮಳೆ ಪುಸ್ತಕದ ಹಿರಿಯರ ಖಾತೆಯನ್ನು ಅವರ ಪುಸ್ತಕದ ಜೊತೆಗೇ ನೋಡಿದೆವು. ಸರಿ ಇತ್ತು. ಆಮೇಲೆ ಕಮಿಟ್.

ಮುಂದಿನ ಹೆಜ್ಜೆ ಸದಸ್ಯ, ದಿನಾಂಕ, ಎಂಟ್ರಿಯ ಬಗೆ ಈ ಮೂರೂ ಸೇರಿ ಒಮ್ಮೆ ಮಾತ್ರ ಇರಬೇಕು ಎಂದು ಡೇಟಾಬೇಸಿನಲ್ಲೇ ಕಟ್ಟು ಹಾಕುವುದು. ಇದು ಅಳಿಸಿದ ಮೇಲೆಯೇ ಆಗಬೇಕು. ಎರಡೆರಡು ಎಂಟ್ರಿ ಇರುವಾಗ ಅಂಥ ಕಟ್ಟನ್ನು ಪೋಸ್ಟ್‌ಗ್ರೆಸ್ ಒಪ್ಪುವುದೇ ಇಲ್ಲ. ದಿನಲೆಕ್ಕ ಈಗ ಎಂಟ್ರಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಹಾಕುತ್ತದೆ. ಒಂದು ದಿನದ ಎಲ್ಲರ ಲೆಕ್ಕ ಒಂದೇ ಟ್ರಾನ್ಸಾಕ್ಷನ್. ಜ್ಯಾಂಗೋದಲ್ಲಿ ಬಲ್ಕ್ ಕ್ರಿಯೇಟ್ ಮಾಡುವಾಗ ಡಿಕ್ಕಿಯಾದದ್ದನ್ನು ಕಡೆಗಣಿಸು ಎಂದು ಹೇಳುವ ಆಪ್ಷನ್ ಇದೆ. ಹುಡುಗ ಅದನ್ನು ಹಾಕೋಣ ಎಂದ. ವೇಗ ಸಿಗುತ್ತದೆ ನಿಜ. ಆದರೆ ಎಷ್ಟು ಡಿಕ್ಕಿಯಾಯಿತು ಎಂದು ಹೇಳುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಬಾಯಿ ಮುಚ್ಚಿಕೊಳ್ಳುವ ಕೋಡ್ ನನಗೆ ಬೇಡ.

ಒಂದೇ ಬಾಗಿಲು

ಕ್ರಾನ್ ಸಾಲಿಗೆ ಆ ವೇರಿಯೇಬಲ್ ಸೇರಿಸಿದ್ದರೆ ಅಂದಿನ ರಾತ್ರಿ ಬಡ್ಡಿ ಬೀಳುತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಕೈಯಾರೆ ಓಡಿಸುವ ಶೆಲ್ ಒಂದು, ಸುಡೊ ಶೆಲ್ ಇನ್ನೊಂದು, ಕ್ರಾನ್ ಮತ್ತೊಂದು ಎಂದು ಮೂರು ಬಾಗಿಲು ಹಾಗೇ ಉಳಿಯುತ್ತಿದ್ದವು.

ದಿನಲೆಕ್ಕವನ್ನು ಸಿಸ್ಟಮ್‌ಡಿಯ ಒಂದು ಸರ್ವಿಸ್ ಮಾಡಿದೆವು. ವೆಬ್‌ಸೈಟ್ ಯಾವ ಯೂಸರ್ ಹೆಸರಿನಲ್ಲಿ ಓಡುತ್ತದೋ ಅದೇ ಯೂಸರ್, ಅದೇ ಎನ್ವಿರಾನ್‌ಮೆಂಟ್ ಫೈಲ್, ಅದೇ ಫೋಲ್ಡರ್. ರಾತ್ರಿ ಅದನ್ನು ಎಬ್ಬಿಸಲು ಒಂದು ಟೈಮರ್. ಸರ್ವರ್ ಯುಟಿಸಿಯಲ್ಲಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಟೈಮರಿನಲ್ಲಿ ಸಮಯದ ಪಕ್ಕ ಏಷ್ಯಾ ಕೋಲ್ಕತಾ ಎಂದು ಬರೆದರೆ ಆ ಕೂಡಿ ಕಳೆಯುವ ಲೆಕ್ಕ ಬೇಕಿಲ್ಲ. ಕೈಯಾರೆ ಓಡಿಸಬೇಕಾದಾಗಲೂ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಎಂದು ಅದೇ ಸರ್ವಿಸನ್ನು ಎಬ್ಬಿಸುವುದು. ಯಾರು ಎಬ್ಬಿಸಿದರೂ ಅದು ನೋಡುವ ಲೋಕ ಒಂದೇ. ನಡುವೆ ಎಸ್‌ಎಸ್‌ಎಚ್ ಕಡಿದರೂ ಅದರ ಪಾಡಿಗೆ ಓಡುತ್ತದೆ. ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗುವುದೂ ಇಲ್ಲ. ಬೇರೆ ದೊಡ್ಡ ಕೆಲಸಗಳಿಗೆ, ಕನೆಕ್ಷನ್ ಕಡಿದರೂ ಕಮಾಂಡನ್ನು ಓಡುತ್ತಲೇ ಇಡುವ ಟಿಮಕ್ಸ್ ಹಾಕಿಕೊಂಡು ಒಳಗೆ ಓಡಿಸು ಎಂದು ಹುಡುಗನಿಗೆ ಹೇಳಿದೆ. ಮಳೆಗಾಲದ ಕೊಡಗಿನಲ್ಲಿ ಎಸ್‌ಎಸ್‌ಎಚ್ ಕಡಿಯುವುದು ಅಪರೂಪವಲ್ಲ.

ಎನ್ವಿರಾನ್‌ಮೆಂಟ್ ಫೈಲ್ ಬರೆಯುವಾಗ ಒಂದು ಜಾಗ್ರತೆ. ಅದು ನೋಡಲು ಶೆಲ್ ಸ್ಕ್ರಿಪ್ಟಿನ ಹಾಗಿದ್ದರೂ ಸಿಸ್ಟಮ್‌ಡಿ ಅದನ್ನು ಶೆಲ್‌ಗೆ ಕೊಡುವುದಿಲ್ಲ. ಸಾಲಿನ ಮುಂದೆ ಎಕ್ಸ್‌ಪೋರ್ಟ್ ಎಂದು ಬರೆದರೆ ಕೆಲಸ ಮಾಡುವುದಿಲ್ಲ. ಬರೀ ಹೆಸರು, ಸಮ ಚಿಹ್ನೆ, ಬೆಲೆ. ಪಾಸ್‌ವರ್ಡಿನಲ್ಲಿ ಡಾಲರ್ ಚಿಹ್ನೆ ಇದ್ದರೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಶೆಲ್‌ನಿಂದ ಓದಿಸಿದರೂ ಸಿಸ್ಟಮ್‌ಡಿಯಿಂದ ಓದಿಸಿದರೂ ಒಂದೇ ಅರ್ಥ ಬರುತ್ತದೆ. ಡಿಪ್ಲಾಯ್ ಸ್ಕ್ರಿಪ್ಟಿನೊಳಗಿನ ಮೈಗ್ರೇಟ್ ಕೂಡ ಈಗ ಇದೇ ಫೈಲನ್ನು ಓದಿಕೊಂಡೇ ಓಡುತ್ತದೆ.

ಸೆಟ್ಟಿಂಗ್ಸ್‌ನಲ್ಲಿದ್ದ ಎಸ್‌ಕ್ಯುಲೈಟ್ ಸಾಲನ್ನು ಕಿತ್ತೆವು. ವೇರಿಯೇಬಲ್ ಇಲ್ಲದಿದ್ದರೆ ಮ್ಯಾನೇಜ್ ಡಾಟ್ ಪೈ ಈಗ ಶುರುವಿನಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಇನ್ನೊಬ್ಬ ಹುಡುಗನಿಗೆ ಇದು ಕಿರಿಕಿರಿ. ಹೊಸದಾಗಿ ಶುರು ಮಾಡುವಾಗ ಒಂದು ಫೈಲ್ ಜಾಸ್ತಿ ಬರೆಯಬೇಕು. ಬರೆಯಲಿ.

ದಿನಲೆಕ್ಕದ ಮೊದಲ ಸಾಲು ಈಗ ಯಾವ ಡೇಟಾಬೇಸ್, ಯಾವ ಹೋಸ್ಟ್, ಸದಸ್ಯರು ಎಷ್ಟು ಎಂದು ಬರೆಯುತ್ತದೆ. ಸದಸ್ಯರು ಸೊನ್ನೆ ಎಂದು ಕಂಡರೆ ಕಮಾಂಡ್‌ಎರರ್ ಎಸೆಯುತ್ತದೆ. ಜ್ಯಾಂಗೋ ಆಗ ಎಕ್ಸಿಟ್ ಕೋಡ್ 1 ಕೊಡುತ್ತದೆ, ಸಿಸ್ಟಮ್‌ಡಿ ಆ ಸರ್ವಿಸನ್ನು ‘ಫೇಲ್ಡ್’ ಎಂದು ಗುರುತಿಸುತ್ತದೆ, ಅಲ್ಲಿಂದ ಅಕ್ಕನಿಗೆ ಒಂದು ಮೇಲ್ ಹೋಗುತ್ತದೆ. ಮೊದಲು ಹುಡುಗನಿಗೆ ಮಾತ್ರ ಹೋಗುವಂತೆ ಮಾಡಿದ್ದೆವು. ನನಗೂ ಬರಲಿ, ಸದಸ್ಯರ ಫೋನ್ ಬರುವುದು ನನಗೇ ಅಲ್ವಾ ಎಂದರು ಅಕ್ಕ.

ಆ ಎಸ್‌ಕ್ಯುಲೈಟ್ ಫೈಲನ್ನು ಅಳಿಸಲಿಲ್ಲ. ಹೆಸರು ಬದಲಿಸಿ, ಬ್ಯಾಕಪ್ಪಿನ ಜೊತೆ ಆಡಿಟರಿಗೆಂದು ಎತ್ತಿಟ್ಟಿದ್ದಾರೆ. ಕ್ರಾನ್‌ನಲ್ಲಿ ಇನ್ನೂ ಒಂದು ಕೆಲಸ ಉಳಿದಿದೆ: ಹಳೆಯ ಸೆಷನ್‌ಗಳನ್ನು ಗುಡಿಸುವ ಕ್ಲಿಯರ್‌ಸೆಷನ್ಸ್. ಸೆಟ್ಟಿಂಗ್ಸ್ ಬದಲಾದ ಮೇಲೆ ಅದು ಪ್ರತಿ ರಾತ್ರಿ ಎರರ್ ಕೊಡುತ್ತಿದೆ. ಬೇಗ ಅದನ್ನೂ ಟೈಮರಿಗೆ ತರುತ್ತೇನೆ ಎಂದಿದ್ದಾನೆ ಹುಡುಗ.